ಮಿದುಳಿನ ರಕ್ತನಾಳದ ಉಬ್ಬು: ತಲೆಬುರುಡೆ ತೆರೆಯದ ಚಿಕಿತ್ಸೆ

ಕಾಯಕಕ್ಕೂ ಪೂಜೆಗೂ ಆಧಾರವಾದ ಈ ಶರೀರದಲ್ಲಿ ಕೆಲವು ರೋಗಗಳು ಸದ್ದಿಲ್ಲದೆ ಬೆಳೆಯುತ್ತವೆ. ವೈದ್ಯರು ಅನ್ಯೂರಿಸಂ ಎಂದು ಕರೆಯುವ ಮಿದುಳಿನ ರಕ್ತನಾಳದ ಉಬ್ಬು ಅಂಥವುಗಳಲ್ಲಿ ಒಂದು.

ನವಲಗುಂದ, ಅಣ್ಣಿಗೇರಿ ಭಾಗದ ಭಕ್ತರು ಮಲಪ್ರಭಾ ಕಾಲುವೆಯನ್ನು ಬಲ್ಲರು. ಕಾಲುವೆಯ ದಂಡೆ ಸಡಿಲವಾದ ಕಡೆ ನೀರಿನ ಒತ್ತಡ ಅದನ್ನು ಕೊರೆಯುತ್ತದೆ. ಹಾಗೆಯೇ ರಕ್ತನಾಳದ ಗೋಡೆ ದುರ್ಬಲವಾದಲ್ಲಿ ರಕ್ತದ ಒತ್ತಡದಿಂದ ಅದು ಚಿಕ್ಕ ಚೀಲದಂತೆ ಉಬ್ಬುತ್ತದೆ. ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರಬಹುದು. ಬಹುಪಾಲು ಉಬ್ಬುಗಳು ಒಡೆಯುವುದೇ ಇಲ್ಲ. ಅಧಿಕ ರಕ್ತದೊತ್ತಡ ಮತ್ತು ಧೂಮಪಾನಗಳು ಒಡೆಯುವ ಅಪಾಯವನ್ನು ಹೆಚ್ಚಿಸುತ್ತವೆ.

ಹಿಂದೆ ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕುವುದೇ ಮುಖ್ಯ ಚಿಕಿತ್ಸೆಯಾಗಿತ್ತು. 1990ರ ದಶಕದಲ್ಲಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ವಿಧಾನ ಬಳಕೆಗೆ ಬಂದಿತು. ಅನಂತರ ಬಂದದ್ದು ಫ್ಲೋ ಡೈವರ್ಟರ್ ಎಂಬ ಸ್ಟೆಂಟ್. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ, ಒತ್ತಾಗಿ ಹೆಣೆದ ಈ ಜಾಲರಿಯನ್ನು ಉಬ್ಬಿನ ಬಾಯಿಗೆ ಅಡ್ಡವಾಗಿ ಕೂಡಿಸುತ್ತಾರೆ. ರಕ್ತವು ತನ್ನ ದಾರಿಯಲ್ಲಿ ಹರಿದುಹೋಗುತ್ತದೆ. ಉಬ್ಬಿನೊಳಗೆ ನಿಂತ ರಕ್ತ ಹೆಪ್ಪುಗಟ್ಟಿ, ಬಹಳಷ್ಟು ರೋಗಿಗಳಲ್ಲಿ ಕೆಲವು ತಿಂಗಳಲ್ಲಿ ಉಬ್ಬು ಮುಚ್ಚಿಕೊಳ್ಳುತ್ತದೆ. ಇದು ಎಲ್ಲರಿಗೂ ಒಗ್ಗುವುದಿಲ್ಲ. ಈಗಾಗಲೇ ಒಡೆದ ಉಬ್ಬಿಗೆ ಸಾಮಾನ್ಯವಾಗಿ ಸುರುಳಿ ಅಥವಾ ಕ್ಲಿಪ್ಪನ್ನೇ ಆರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಕ್ತನಾಳದ ಒಳಗಿನಿಂದ ಮಾಡುವ ಚಿಕಿತ್ಸೆಗಳಿಗೆ ಪ್ರತ್ಯೇಕ ವಿಭಾಗವಿದೆ.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಶ್ರಾವಣದ ಉಪವಾಸವಿರಲಿ, ಹಲ್ಲು ಕೀಳಿಸುವುದಿರಲಿ, ಮೊದಲು ವೈದ್ಯರನ್ನು ಕೇಳಬೇಕು. ಮಾತ್ರೆ ತಪ್ಪಿದರೆ ಸ್ಟೆಂಟಿನಲ್ಲಿಯೇ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಹಿಂದೆಂದೂ ಕಾಣದಂಥ ತೀವ್ರ ತಲೆನೋವು ಸಿಡಿಲು ಬಡಿದಂತೆ ಒಮ್ಮೆಲೇ ಬಂದರೆ ಅದು ಉಬ್ಬು ಒಡೆದುದರ ಲಕ್ಷಣವಾಗಿರಬಹುದು. ಜೊತೆಗೆ ವಾಂತಿ, ಕತ್ತು ಬಿಗಿಯುವುದು, ಎಚ್ಚರ ತಪ್ಪುವುದು ಕಾಣಬಹುದು. ಹೊಲದಿಂದ ಬಂದವರಿಗೆ ಬಿಸಿಲು ತಾಗಿತೆಂದೋ, ಪಿತ್ತವೆಂದೋ ಲೇಪ ಹಚ್ಚಿ ಮಲಗಿಸಬಾರದು. ಕೂಡಲೇ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಚಿಕಿತ್ಸೆಯ ವೆಚ್ಚ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವುದೇ ಎಂಬುದನ್ನು ಅಲ್ಲಿನ ಆರೋಗ್ಯಮಿತ್ರರು ತಿಳಿಸುವರು.

ಮಠಕ್ಕೆ ಬರುವ ನಾವೆಲ್ಲರೂ ಮನೆಯ ಹಿರಿಯರ ರಕ್ತದೊತ್ತಡವನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಪರೀಕ್ಷಿಸೋಣ. ಬೀಡಿ, ಸಿಗರೇಟುಗಳನ್ನು ದೂರವಿಡೋಣ. ಶರೀರವನ್ನು ಕಾಪಾಡಿಕೊಳ್ಳುವುದೂ ಶಿವಪೂಜೆಯೇ.