ಪಕ್ಕದ ಹೊಲದ ಗಾಳಿ

ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯ ಆಸುಪಾಸಿನ ಬೀದಿ, ಅಲ್ಲೊಂದು ಕನ್ನಡದ ಮನೆ. ಚಾಪೆಯ ಮೇಲೆ ಮದುವೆ ಸೀರೆ ಬಿಡಿಸಿಟ್ಟಿದ್ದಾರೆ. ಅರಗಿನ ಬಣ್ಣದ ಒಡಲು, ಅಂಗೈ ಅಗಲದ ಜರಿಯಂಚು. ಅತ್ತೆ, ಚಿಕ್ಕಮ್ಮಂದಿರು ಸೆರಗನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಾರೆ. ನೇಯ್ದದ್ದು ಕಾಂಚೀಪುರದಲ್ಲಿ. ಆದರೆ ಅಲ್ಲಿನ ಮಗ್ಗಗಳು ಬಹುಕಾಲದಿಂದ ನೆಚ್ಚಿಕೊಂಡಿರುವುದು ಕರ್ನಾಟಕದ ರೇಷ್ಮೆ ನೂಲನ್ನು. ಅದರ ಹುಟ್ಟು ನೋಡಬೇಕಾದರೆ ಶಿಡ್ಲಘಟ್ಟದ ಕಡೆಯ ಹುಳುಮನೆಗೇ ಹೋಗಬೇಕು.

ಬಾಗಿಲಲ್ಲಿ ಸುಣ್ಣದ ಪುಡಿ, ಕಿಟಕಿಗೆ ಊಜಿ ನೊಣ ನುಗ್ಗದಂತೆ ಬಲೆ. ನಾಲ್ಕು ಜ್ವರ ಎದ್ದ, ಅಂದರೆ ನಾಲ್ಕು ಸಲ ಪೊರೆ ಕಳಚಿದ ಹುಳುಗಳು ಅಂಕಣದ ತುಂಬ ಹರಡಿವೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಅವು ತಿನ್ನುವುದು ಈ ಕೊನೆಯ ಏಳೆಂಟು ದಿನಗಳಲ್ಲೇ. ರಾತ್ರಿಯಲ್ಲೂ ಮೇಯುವ ಸರಸರ ಸದ್ದು ನಿಲ್ಲುವುದಿಲ್ಲ. ಮನೆಯವರಿಗೆ ನಿದ್ದೆಯೂ ಅಷ್ಟಕ್ಕಷ್ಟೆ.

ಹಿಂದಿನ ಸಂಜೆ ಪಕ್ಕದ ಟೊಮೆಟೊ ಹೊಲಕ್ಕೆ ಔಷಧಿ ಹೊಡೆದಿದ್ದಾರೆ. ಗಾಳಿ ಇತ್ತ ಬೀಸಿದೆ. ಬೆಳಗ್ಗೆ ಕೊಯ್ದ ಹಿಪ್ಪುನೇರಳೆ ಕಡ್ಡಿ ಎಂದಿನಂತೆ ಹಸಿರಾಗಿದೆ, ಎಂದಿನಂತೆ ಮಿನುಗುತ್ತಿದೆ. ಹಾಕಿದ ಸ್ವಲ್ಪ ಹೊತ್ತಿಗೆ ಮೇಯುವ ಸದ್ದು ತೆಳುವಾಗುತ್ತದೆ. ಹುಳುಗಳು ಸೊಪ್ಪು ಬಿಟ್ಟು ಅತ್ತಿತ್ತ ಹರಿಯುತ್ತವೆ, ತಲೆ ಎತ್ತಿ ತೂಗುತ್ತವೆ, ಹಸಿರು ರಸ ಕಾರಿಕೊಂಡು ಮೈ ಮುರುಟಿ ಕುಗ್ಗುತ್ತವೆ. ಸಂಜೆಗೆ ಉಳಿಯುವುದು ಗುಂಡಿ ತೋಡುವ ಕೆಲಸ.

ಸಾಯದೆ ಉಳಿದರೂ ನಷ್ಟ ತಪ್ಪದು. ವಿಷದ ಅಂಶ ಕಡಿಮೆಯಿದ್ದರೆ ಹುಳು ಬದುಕುತ್ತದೆ, ಗೂಡು ಮಾತ್ರ ಜೊಳ್ಳು. ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯಲ್ಲಿ ಎಳೆ ಪದೇ ಪದೇ ತುಂಡಾಗುತ್ತದೆ. ಕೆಲವು ಔಷಧಿಗಳ ಕೇಡು ಇನ್ನೂ ವಿಚಿತ್ರ. ಉತ್ತರ ಇಟಲಿಯಲ್ಲಿ ಹಣ್ಣಿನ ತೋಟಗಳಿಗೆ ಹೊಡೆದ ಫೆನಾಕ್ಸಿಕಾರ್ಬ್ ತಗುಲಿ, ಹುಳುಗಳು ಮೇಯುತ್ತಲೇ ದಪ್ಪಗಾದವು, ಗೂಡು ಕಟ್ಟಲಿಲ್ಲ. ಹುಳುವಿನ ಎಳೆತನ ಕಾಯುವ ಹಾರ್ಮೋನಿನಂತೆಯೇ ಅದು ಕೆಲಸ ಮಾಡುತ್ತದೆ. ಗೂಡು ಕಟ್ಟಲು ಹಣ್ಣಾಗುವ ಗಳಿಗೆ ಹುಳುವಿಗೆ ಬರುವುದೇ ಇಲ್ಲ. ನಮ್ಮಲ್ಲಿ ಬಿಳಿನೊಣಕ್ಕೆ ಬಳಸುವ ಪೈರಿಪ್ರಾಕ್ಸಿಫೆನ್ ಕೂಡ ಇದೇ ಗುಂಪಿನದು. ರೇಷ್ಮೆ ಬೆಳೆಗಾರನಿಗೆ ಇದಕ್ಕಿಂತ ಕ್ರೂರವಾದದ್ದು ಇಲ್ಲ ಎನಿಸುತ್ತದೆ: ಸೊಪ್ಪು, ಕೂಲಿ, ನಿದ್ದೆ ಎಲ್ಲ ಸುರಿದಾದ ಮೇಲೆ ಹುಳು ಗೂಡು ಕಟ್ಟಬೇಕಾದ ಚಂದ್ರಿಕೆ ಖಾಲಿ.

ತನ್ನ ಬೆಳೆಯ ಕೀಟಕ್ಕೆ ಔಷಧಿ ಹೊಡೆಯುವ ಟೊಮೆಟೊ ಬೆಳೆಗಾರನೂ ಸಾಲ ಮಾಡಿದವನೇ. ಅವನನ್ನು ದೂರಿ ಫಲವಿಲ್ಲ. ಆದರೆ ಹೊಡೆಯುವ ಹಿಂದಿನ ದಿನ ಒಂದು ಮಾತು ತಿಳಿಸಿದರೆ, ಪಕ್ಕದವರು ಆ ಬದಿಯ ಸೊಪ್ಪನ್ನು ಮೊದಲೇ ಕೊಯ್ದಿಟ್ಟುಕೊಳ್ಳುತ್ತಾರೆ, ಇಲ್ಲವೇ ಕೆಲವು ಸಾಲು ಬಿಟ್ಟುಬಿಡುತ್ತಾರೆ. ನಿಮ್ಮ ಹೊಲದ ಪಕ್ಕ ಹಿಪ್ಪುನೇರಳೆ ಇದ್ದರೆ, ಪಂಪು ಹೆಗಲಿಗೇರಿಸುವ ಮುನ್ನ ದಯವಿಟ್ಟು ಆ ಮನೆಗೆ ಹೋಗಿ ಹೇಳಿ ಬನ್ನಿ. ಗಾಳಿ ಅವರ ಕಡೆ ಬೀಸುತ್ತಿದ್ದರೆ ಅಂದು ಹೊಡೆಯಬೇಡಿ.