ಪ್ರಶ್ನೆಯನ್ನೇ ತಿದ್ದುವ ಕಸುಬು

1955ರಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಪುಸ್ತಕ ಅಚ್ಚಾಯಿತು. ತೆರೆದರೆ ಪುಟದ ಮೇಲೆ ಪುಟ ಬರೀ ಅಂಕಿ. ಒಟ್ಟು ಹತ್ತು ಲಕ್ಷ. 7ರ ಪಕ್ಕ 3 ಯಾಕೆ ಬಂತು ಎಂದರೆ ಕಾರಣವಿಲ್ಲ. ಕಾರಣ ಇರಕೂಡದು ಎಂಬುದೇ ಪುಸ್ತಕದ ಗುರಿ. ಸಂಭವನೀಯತೆಯ ಲೆಕ್ಕ ಹಾಕುವವರಿಗೆ ಹೀಗೆ ಗೊತ್ತುಗುರಿಯಿಲ್ಲದೆ ಬಂದ ಅಂಕಿಗಳೇ ಬೇಕು. ಅದಕ್ಕೆಂದು ಎಲೆಕ್ಟ್ರಾನಿಕ್ ಜೂಜುಚಕ್ರವೊಂದನ್ನು ಕಟ್ಟಿ, ಸೆಕೆಂಡಿಗೊಂದರಂತೆ ಅಂಕಿ ಹೆಕ್ಕಿ, 20 ಸಾವಿರ ಪಂಚ್ ಕಾರ್ಡುಗಳಿಗೆ ತುಂಬಿದರು. ಪರೀಕ್ಷಿಸಿ ನೋಡಿದರೆ ಚಕ್ರ ಒಂಚೂರು ವಾಲುತ್ತಿತ್ತು! ಪ್ರತಿ ಕಾರ್ಡಿನ ಅಂಕಿಗೆ ಹಿಂದಿನ ಕಾರ್ಡಿನ ಅಂಕಿ ಕೂಡಿಸಿ, ಬಿಡಿಸ್ಥಾನವನ್ನಷ್ಟೇ ಉಳಿಸಿಕೊಂಡು ಆ ವಾಲನ್ನು ಅಳಿಸಿದರು.

ಇಷ್ಟು ತಲೆಕೆಡಿಸಿಕೊಂಡವರು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿರುವ ರ‍್ಯಾಂಡ್ ಕಾರ್ಪೊರೇಷನ್‌ನವರು. 'ಥಿಂಕ್ ಟ್ಯಾಂಕ್', ಅಂದರೆ ನೀತಿ ಚಿಂತನೆಯ ಸಂಸ್ಥೆ, ಎಂದಾಗ ಜಗತ್ತು ಮೊದಲು ನೆನೆಯುವ ಹೆಸರು ಇದು.

ಎರಡನೇ ಮಹಾಯುದ್ಧ ಮುಗಿದು ವಿಜ್ಞಾನಿಗಳೆಲ್ಲ ತಮ್ಮ ತಮ್ಮ ವಿಶ್ವವಿದ್ಯಾಲಯಗಳಿಗೆ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತು. ಆ ಬುದ್ಧಿಬಲ ಚದುರಿಹೋಗದಂತೆ ತಡೆಯಬೇಕೆಂದು ವಾಯುಪಡೆಯ ಮುಖ್ಯಸ್ಥ ಜನರಲ್ ಹೆನ್ರಿ ಆರ್ನಾಲ್ಡ್ ಪಟ್ಟುಹಿಡಿದರು. 1946ರಲ್ಲಿ ಡಗ್ಲಾಸ್ ವಿಮಾನ ಕಂಪನಿಯ ಆಶ್ರಯದಲ್ಲಿ ಶುರುವಾದ ಈ ಯೋಜನೆ 1948ರಲ್ಲಿ ಲಾಭರಹಿತ ಸಂಸ್ಥೆಯಾಗಿ ಬೇರೆ ಮನೆ ಹೂಡಿತು. ಅದರ ಮೊದಲ ವರದಿಯೇ ಭೂಮಿಯನ್ನು ಸುತ್ತುವ ಉಪಗ್ರಹದ ಬಗ್ಗೆ. ಸ್ಪುಟ್ನಿಕ್ ಹಾರಿದ್ದು ಅದಾಗಿ 11 ವರ್ಷಕ್ಕೆ. ಗಣಿತಜ್ಞ ಜಾನ್ ವಿಲಿಯಮ್ಸ್ ಕಟ್ಟಡದ ನಕ್ಷೆಯಲ್ಲೂ ಲೆಕ್ಕ ಬಿಡಲಿಲ್ಲ. ಅರ್ಥಶಾಸ್ತ್ರಜ್ಞನೂ ಭೌತವಿಜ್ಞಾನಿಯೂ ಓಡಾಡುವಾಗ ಎದುರುಬದುರಾಗಿ ಮಾತಿಗೆ ನಿಲ್ಲಲಿ ಎಂದು ಅಂಗಳಗಳ ಸುತ್ತ ಓಣಿಗಳನ್ನು ಹೆಣೆಸಿದರು.

ಈ ಕಸುಬಿನ ಒಳಗುಟ್ಟು ತಿಳಿಯಲು 1951ರ ಒಂದು ಪ್ರಕರಣ ಸಾಕು. ಸೋವಿಯತ್ ಒಕ್ಕೂಟದವರೆಗೆ ಹಾರಿ ಮರಳುವಷ್ಟು ಶಕ್ತಿ ಆಗಿನ ಮಧ್ಯಮ ಬಾಂಬರ್‌ಗಳಿಗೆ ಇರಲಿಲ್ಲ. ಹಾಗಾಗಿ ಹೊರದೇಶಗಳಲ್ಲಿ ನೆಲೆ ಬೇಕಿತ್ತು. ಎಲ್ಲಿ, ಹೇಗೆ ಇಟ್ಟರೆ ಖರ್ಚು ಕಡಿಮೆ? ವಾಯುಪಡೆಯ ಪ್ರಶ್ನೆ ಇಷ್ಟೇ. ಅದು ಆಲ್ಬರ್ಟ್ ವೋಲ್‌ಸ್ಟೆಟರ್ ಎಂಬ ತರ್ಕಶಾಸ್ತ್ರ ಓದಿದ್ದ ವಿಶ್ಲೇಷಕರ ಮೇಜಿಗೆ ಬಂತು. ನಾವು ಅವರಿಗೆ ಹತ್ತಿರವಾದಷ್ಟೂ ಅವರು ನಮಗೆ ಹತ್ತಿರವಲ್ಲವೇ ಎಂಬ ಅನುಮಾನ ಆಲ್ಬರ್ಟ್ ಅವರಿಗೆ. ಎದುರಾಳಿಯೇ ಮೊದಲು ಹೊಡೆದರೆ ನೆಲದ ಮೇಲೆ ನಿಂತ ವಿಮಾನಗಳಲ್ಲಿ ಎಷ್ಟು ಉಳಿದಾವು? ಪ್ರಶ್ನೆ ಹೀಗೆ ಹೊರಳಿದ್ದೇ ತಡ, ಉತ್ತರವೂ ಹೊರಳಿತು. ವಿಮಾನಗಳು ಅಮೆರಿಕದಲ್ಲೇ ಇರಲಿ, ಹೊರನಾಡಿನ ನೆಲೆಗಳು ಇಂಧನ ತುಂಬಿಸಿಕೊಳ್ಳಲು ಮಾತ್ರ ಎಂದಿತು 1954ರ ವರದಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಇಲ್ಲಿ ಸೂರೆಗೆ ಮೊದಲೇ ದಿಡ್ಡಿ ಕಣ್ಣಿಗೆ ಬಿತ್ತು. ಸೂರೆಯಾದ ಕೋಟೆಯೊಂದರ ಕಥೆಯನ್ನು ಆಲ್ಬರ್ಟ್ ಅವರ ಪತ್ನಿ ರಾಬರ್ಟಾ ಬರೆದರು. ಪರ್ಲ್ ಹಾರ್ಬರ್ ದಾಳಿಯ ಮುನ್ಸೂಚನೆಗಳು ಗದ್ದಲದಲ್ಲಿ ಹೇಗೆ ಕಳೆದುಹೋದವು ಎಂಬ ಅವರ ಅಧ್ಯಯನ 1962ರಲ್ಲಿ ಪ್ರಕಟವಾಯಿತು.

ಮೊದಲ ಏಟು ತಿಂದೂ ತಿರುಗಿ ಹೊಡೆಯಬಲ್ಲ ಶಕ್ತಿಯೇ ನಿಜವಾದ ರಕ್ಷೆ ಎಂಬ ವಿಚಾರ ಬಲಿತದ್ದು ಇಂಥ ಲೆಕ್ಕಗಳಿಂದ. ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸೆನೆಂದು 2003ರಲ್ಲಿ ಸಾರಿದ ಭಾರತದ ನೀತಿಯೂ ನಿಂತಿರುವುದು ಆ ತಿರುಗೇಟಿನ ನಂಬಿಕೆಯ ಮೇಲೆಯೇ.

ಆದರೆ ಪ್ರಶ್ನೆ ತಿದ್ದುವುದು ಪ್ರತಿ ಸಲ ಸಲೀಸಲ್ಲ. ವಿಯೆಟ್ನಾಂ ಯುದ್ಧದಲ್ಲಿ ರ‍್ಯಾಂಡ್ ಸಂಶೋಧಕರು ಸೆರೆಸಿಕ್ಕವರನ್ನೂ ಪಕ್ಷಾಂತರಿಗಳನ್ನೂ ಕೂರಿಸಿಕೊಂಡು ವಿಯೆಟ್‌ಕಾಂಗ್ ಹೋರಾಟಗಾರರ ಮನೋಬಲ ಅಳೆದರು. ಶತ್ರು ಯಾವಾಗ ಕುಸಿದಾನು ಎಂಬುದು ಸರ್ಕಾರಕ್ಕೆ ಬೇಕಿದ್ದ ಪ್ರಶ್ನೆ. ನಾವು ಇಲ್ಲೇಕೆ ಇದ್ದೇವೆ ಎನ್ನುವುದು ಯಾರಿಗೂ ಬೇಡದ ಪ್ರಶ್ನೆ. 1969ರಲ್ಲಿ ಆರು ಮಂದಿ ವಿಶ್ಲೇಷಕರು ಸೇನೆಯನ್ನು ವಾಪಸು ಕರೆಸಿ ಎಂದು ಪತ್ರಿಕೆಗಳಿಗೆ ಬಹಿರಂಗವಾಗಿ ಬರೆದರು. ಅವರಲ್ಲೊಬ್ಬರು ಡೇನಿಯಲ್ ಎಲ್ಸ್‌ಬರ್ಗ್. ಆ ಯುದ್ಧದ ಒಳಗಥೆ ಹೇಳುವ, 7 ಸಾವಿರ ಪುಟಗಳ ರಹಸ್ಯ ಅಧ್ಯಯನದ ಪ್ರತಿ ಅವರ ಕಚೇರಿಯ ತಿಜೋರಿಯಲ್ಲಿತ್ತು. ಕಂತು ಕಂತಾಗಿ ಅದನ್ನು ಬ್ರೀಫ್‌ಕೇಸಿನಲ್ಲಿ ಹೊರಗೆ ಒಯ್ದು, ರಾತ್ರಿಯಿಡೀ ಜೆರಾಕ್ಸ್ ಮಾಡಿದರು. 1971ರ ಜೂನ್ 13ರಂದು ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸತೊಡಗಿದ 'ಪೆಂಟಗನ್ ಪೇಪರ್ಸ್' ಇದೇ.

ನಮ್ಮಲ್ಲೂ ಈ ಕಸುಬಿಗೆ ವಯಸ್ಸಾಗಿದೆ. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಅನುದಾನದಲ್ಲಿ ನಡೆಯುವ ರಕ್ಷಣಾ ಅಧ್ಯಯನ ಸಂಸ್ಥೆ ಐಡಿಎಸ್‌ಎ 1965ರದು. ಕಾರ್ಗಿಲ್ ಪರಾಮರ್ಶೆ ಸಮಿತಿಯ ಅಧ್ಯಕ್ಷರಾದ ಕೆ. ಸುಬ್ರಹ್ಮಣ್ಯಂ ಅದರ ನಿರ್ದೇಶಕರಾಗಿದ್ದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಉನ್ನತ ಅಧ್ಯಯನ ಸಂಸ್ಥೆ ನಿಯಾಸ್‌ನಲ್ಲೂ ಭದ್ರತೆಯ ಅಧ್ಯಯನ ನಡೆಯುತ್ತದೆ.

ಇಂಥ ವರದಿ ಕೈಗೆ ಬಂದರೆ ತೀರ್ಮಾನದ ಪುಟಕ್ಕೆ ನೆಗೆಯುವ ಮುಂಚೆ ಮೊದಲ ಪುಟದಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಶ್ನೆ ಕೊಟ್ಟವರು ಯಾರು, ಸಂಶೋಧಕ ಅದನ್ನು ಇದ್ದಂತೆಯೇ ಎತ್ತಿಕೊಂಡನೋ ತಿರುಗಿಸಿ ನೋಡಿದನೋ? ಜೂಜುಚಕ್ರದ ವಾಲನ್ನು ಅಳಿಸಲು ಕೂಡುವ ಲೆಕ್ಕ ಸಾಕಾಯಿತು. ದುಡ್ಡು ಕೊಟ್ಟವರ ಪ್ರಶ್ನೆಯ ವಾಲನ್ನು ಹಿಡಿಯಲು ಒಬ್ಬರು ತಿಜೋರಿಯನ್ನೇ ತೆರೆಯಬೇಕಾಯಿತು.