ಕಾರ್ಟಿಸೋಲ್ ಗಡ್ಡೆ ಯಾರ ಮಾತು ಕೇಳುತ್ತದೆ?

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೂ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ತೂಕ ನಾಲ್ಕೈದು ಗ್ರಾಂ ಅಷ್ಟೇ. ಅದರ ಹೊರಪದರ ಸ್ರವಿಸುವ ಕಾರ್ಟಿಸೋಲ್ ರಕ್ತದ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಕುಸಿಯದಂತೆ ಕಾಯುತ್ತದೆ. ಅದು ಎಷ್ಟು ಬೇಕೆಂದು ತೀರ್ಮಾನಿಸುವುದು ಮಾತ್ರ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬಂದರೆ ಅಡ್ರಿನಲ್ ಕೆಲಸಕ್ಕಿಳಿಯುತ್ತದೆ. ಕಾರ್ಟಿಸೋಲ್ ಸಾಕಷ್ಟಾದೊಡನೆ ಎಸಿಟಿಎಚ್ ತಾನಾಗಿ ತಗ್ಗುತ್ತದೆ.

ಅಡ್ರಿನಲ್ ಗಡ್ಡೆಗಳಲ್ಲಿ ಹೆಚ್ಚಿನವು ಹಾರ್ಮೋನಿನ ಗೊಡವೆಗೆ ಹೋಗದೆ ಸುಮ್ಮನಿರುತ್ತವೆ. ಕಾರ್ಟಿಸೋಲ್ ಸುರಿಸುವ ಗಡ್ಡೆಯ ಕಥೆ ಬೇರೆ. ಎಸಿಟಿಎಚ್ ಬಂದಾಗಷ್ಟೇ ಚುರುಕಾಗಬೇಕಾದ ಒಂದು ಕಿಣ್ವ ಇಂಥ ಕೆಲವು ಗಡ್ಡೆಗಳಲ್ಲಿ ಸದಾ ಚುರುಕಾಗಿಯೇ ಇರುತ್ತದೆ. ಇದಕ್ಕೆ PRKACA ಎಂಬ ಜೀನಿನ ದೋಷ ಕಾರಣವೆಂದು 2014ರಲ್ಲಿ ತಿಳಿಯಿತು. ಎಸಿಟಿಎಚ್ ಇಳಿದರೂ ಸ್ರವಿಕೆ ನಿಲ್ಲುವುದಿಲ್ಲ. ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆಗಳೆದ್ದು, ಸಕ್ಕರೆ, ಬಿಪಿ ಎರಡೂ ಏರುವ ಕುಶಿಂಗ್ ಸಿಂಡ್ರೋಮ್ ಕಾಣಿಸಿಕೊಳ್ಳುತ್ತದೆ.

ಇದನ್ನು ಪತ್ತೆ ಮಾಡುವ ಪರೀಕ್ಷೆ ಸರಳ. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ, ಬೆಳಗ್ಗೆ 8ಕ್ಕೆ ರಕ್ತಪರೀಕ್ಷೆ. ಈ ಮಾತ್ರೆ ಎಸಿಟಿಎಚ್ ಅನ್ನು ಅಡಗಿಸುವುದರಿಂದ ಆರೋಗ್ಯವಂತರಲ್ಲಿ ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಮುಂದಿನ ತಪಾಸಣೆ ಬೇಕು. ಜೊತೆಗೆ ಎಸಿಟಿಎಚ್ ತೀರಾ ಕಡಿಮೆಯಿದ್ದರೆ ಅನುಮಾನ ಅಡ್ರಿನಲ್ ಮೇಲೇ.

ಪಿಟ್ಯುಟರಿಯ ಹಿಡಿತ ತಪ್ಪಿದ್ದೆಲ್ಲ ಸ್ವತಂತ್ರವಲ್ಲ. ಹಸಿದಾಗ ಕಾರ್ಟಿಸೋಲ್ ಕಡಿಮೆಯಿದ್ದು, ಊಟವಾಗುತ್ತಲೇ ಏರುವ ವಿಚಿತ್ರ ರೋಗಿಗಳ ವರದಿ 1992ರಲ್ಲಿ ಬಂತು. ಉಂಡಾಗ ಸಣ್ಣ ಕರುಳು ಇನ್ಸುಲಿನ್ ಹೊರಡಿಸಲೆಂದು ಜಿಐಪಿ ಹಾರ್ಮೋನು ಬಿಡುತ್ತದೆ. ಇವರ ಅಡ್ರಿನಲ್‌ನಲ್ಲಿ ಇರಬಾರದ ಜಿಐಪಿ ಗ್ರಾಹಕಗಳು ಮೂಡಿದ್ದವು. ಹೀಗಾಗಿ ಪ್ರತಿ ಊಟವೂ ಕಾರ್ಟಿಸೋಲಿಗೆ ಕರೆ. ಎರಡೂ ಗ್ರಂಥಿಗಳಲ್ಲಿ ಗಂಟುಗಟ್ಟುವ ಕಾಯಿಲೆಯಲ್ಲಿ ಆ ಗಂಟುಗಳೇ ಎಸಿಟಿಎಚ್ ತಯಾರಿಸಿಕೊಳ್ಳುವುದೂ 2013ರಲ್ಲಿ ಗೊತ್ತಾಯಿತು.

ಒಂದೇ ಕಡೆ ಗಡ್ಡೆಯಿದ್ದರೆ ಆ ಗ್ರಂಥಿಯನ್ನು ತೆಗೆಯುವುದೇ ಸಾಮಾನ್ಯ ಚಿಕಿತ್ಸೆ. ಅಷ್ಟು ಕಾಲ ಎಸಿಟಿಎಚ್ ಸಿಗದ ಇನ್ನೊಂದು ಅಡ್ರಿನಲ್ ಸೊರಗಿರುತ್ತದೆ. ಚೇತರಿಸಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಮೀರುತ್ತದೆ. ಅಲ್ಲಿಯವರೆಗೆ ಕಾರ್ಟಿಸೋಲಿನ ಕೊರತೆ ತುಂಬಲು ಕೊಡುವ ಹೈಡ್ರೊಕಾರ್ಟಿಸೋನ್ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಜ್ವರ ಬಂದರೆ ಡೋಸ್ ಹೆಚ್ಚಿಸುವ ಬಗೆಯನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಪಡೆಯಬೇಕು.